ಕಳಲೆಯ ನೀರು

ಬಿದಿರುಹಳ್ಳದ ಮಠದ ಶ್ರೀ ನಿರ್ವಾಣಯ್ಯ ಶಿವಯೋಗಿಗಳಿಗೆ ಗದ್ದುಗೆಗಿಂತ ಅಡುಗೆಮನೆಯ ಹಿತ್ತಲೇ ಹೆಚ್ಚು ಪ್ರಿಯ. ಆಷಾಢದಲ್ಲಿ ಬಿದಿರುಮೆಳೆಗಳ ಬುಡದಲ್ಲಿ ಕಳಲೆ ಮೂಡಿತೆಂದರೆ, ದಾಸೋಹಕ್ಕೆ ಬಂದ ಆ ಎಳೆಯ ಮೊಳಕೆಗಳನ್ನು ತಾವೇ ಸುಲಿದು ಹೆಚ್ಚುತ್ತ ಕೂರುತ್ತಿದ್ದರು.

ಅಂಥದೊಂದು ಬೆಳಗ್ಗೆ ಪುಟ್ಟನಂಜಮ್ಮನವರ ಗಾಡಿ ಮಠದ ಮುಂದೆ ನಿಂತಿತು. ಗಾಡಿಯಲ್ಲಿ ಸೊಸೆ ಕೊಟ್ರಮ್ಮ, ಪಕ್ಕದಲ್ಲಿ ಅವಳ ಟ್ರಂಕು. ಬಯಲುಸೀಮೆಯ ಹುಡುಗಿ, ಆ ಚೈತ್ರದಲ್ಲಷ್ಟೇ ಮದುವೆಯಾಗಿ ಬಂದವಳು. ಅವಳು ಮಾಡಿದ ಕಳಲೆ ಪಲ್ಯ ಉಂಡು ಪುಟ್ಟನಂಜಮ್ಮನವರ ಒಬ್ಬನೇ ಮಗ ವಾಂತಿಯಾಗಿ ಹಾಸಿಗೆ ಹಿಡಿದಿದ್ದ. ಹಿಂದಿನ ದಿನವಷ್ಟೇ ಎದ್ದು ಗಂಜಿ ಕುಡಿದಿದ್ದ. ಅನ್ನಕ್ಕೆ ವಿಷವಿಟ್ಟವಳನ್ನು ತವರಿಗೆ ಕಳಿಸಿಬಿಡುವುದೆಂದು ಪುಟ್ಟನಂಜಮ್ಮನವರು ನಿಶ್ಚಯಿಸಿದ್ದರು. ಆದರೆ ಶಿವಯೋಗಿಗಳ ಅಪ್ಪಣೆಯಿಲ್ಲದೆ ಆ ಮನೆಯಲ್ಲಿ ಯಾವ ಕಾರ್ಯವೂ ನಡೆದದ್ದಿಲ್ಲ.

ತರಕಾರಿ ಬಾಡುವ ಮೊದಲೇ ಮಾಡಿದರೆ ರುಚಿಯೆಂದು ಕಿತ್ತ ದಿನವೇ ಒಗ್ಗರಣೆಗೆ ಹಾಕಿದೆನೆಂದು ಕೊಟ್ರಮ್ಮ ಅತ್ತಳು. ಈ ಸೀಮೆಯ ಹಸುಗೂಸಿಗೂ ಗೊತ್ತಿರುವುದು ಈ ಮಹಾರಾಯ್ತಿಗೆ ಗೊತ್ತಿಲ್ಲವಂತೆ ಎಂದು ಅತ್ತೆ ಹಂಗಿಸಿದರು.

ಶಿವಯೋಗಿಗಳು ಎಲ್ಲವನ್ನೂ ಕೇಳಿ, ಕೈಯಲ್ಲಿದ್ದ ಕಳಲೆಯಿಂದ ಒಂದು ಹೋಳು ಕೊಯ್ದು ಪುಟ್ಟನಂಜಮ್ಮನವರತ್ತ ಚಾಚಿದರು.

“ತಿನ್ನು ತಾಯಿ.”

ಅವರು ಹಿಂದೆ ಸರಿದರು. “ಹಸೀದು ಹೆಂಗೆ ತಿನ್ಲಿ ಬುದ್ಧಿ? ನೆನೆಹಾಕಿ ದಿನಾ ನೀರು ಬದಲಾಯಿಸ್ಬೇಕಲ್ಲ, ವಿಷ ಹೋಗೋಗಂಟ.”

“ನಿನಗೆ ಯಾರು ಹೇಳಿಕೊಟ್ಟರು?”

“ನಮ್ಮತ್ತೆಯೋರು. ಪಕ್ಕದಲ್ಲಿ ಕೂರಿಸ್ಕೊಂಡು ಕಲಿಸಿದ್ರು.” ಹೇಳುವಾಗ ಪುಟ್ಟನಂಜಮ್ಮನವರ ದನಿಯಲ್ಲಿ ಹೆಮ್ಮೆಯಿತ್ತು.

“ಅವಳ ಅತ್ತೆ ಯಾರು, ತಾಯಿ?”

ಪುಟ್ಟನಂಜಮ್ಮನವರು ಗಾಡಿಯತ್ತ ತಿರುಗಿದರು. ಕಳಲೆ ಸುಲಿಯುವ ಮೊದಲು ಕೈಗೆ ಎಣ್ಣೆ ಸವರಿಕೊಳ್ಳಬೇಕೆಂದೂ ಆ ಹುಡುಗಿಗೆ ಯಾರೂ ಹೇಳಿರಲಿಲ್ಲ. ಸಿಪ್ಪೆಯ ಮುಳ್ಳುಗೂದಲು ಚುಚ್ಚಿದ ಬೆರಳುಗಳು ಇನ್ನೂ ಊದಿಕೊಂಡಿದ್ದವು. ಅದು ಇಷ್ಟು ದಿನ ತಮ್ಮ ಕಣ್ಣಿಗೆ ಬಿದ್ದಿರಲಿಲ್ಲವಲ್ಲ ಎಂದು ಅವರಿಗೆ ನಾಚಿಕೆಯಾಯಿತು.

ಶಿವಯೋಗಿಗಳು ಹೆಚ್ಚಿದ ಕಳಲೆಯನ್ನು ಬುಟ್ಟಿಗೆ ತುಂಬಿ ಪ್ರಸಾದವೆಂದು ಕೊಟ್ಟರು. ಗಾಡಿ ಮನೆಯ ಕಡೆಗೇ ತಿರುಗಿತು.

ಮನೆಯಲ್ಲಿ ಅತ್ತೆ ಸೊಸೆಯ ಬೆರಳುಗಳಿಗೆ ಎಣ್ಣೆ ಸವರಿ ಪಕ್ಕದಲ್ಲಿ ಕೂರಿಸಿಕೊಂಡರು. ಕಳಲೆ ನೆನೆದ ನೀರನ್ನು ದನಗಳು ಬಾಯಿ ಹಾಕದ ಕಡೆ ಗುಂಡಿಗೆ ಚೆಲ್ಲುವುದು, ಮತ್ತೆ ಹೊಸ ನೀರು ತುಂಬುವುದು, ಎಲ್ಲವನ್ನೂ ತೋರಿಸಿದರು. ಕಹಿ ಬಿಟ್ಟ ಮೇಲೆ ಕೊಟ್ರಮ್ಮನೇ ಪಲ್ಯ ಮಾಡಿದಳು. ಅತ್ತೆಗೂ ಗಂಡನಿಗೂ ಬಡಿಸಿದಳು. ಮಗ ತಟ್ಟೆಗೆ ಕೈ ಹಾಕದೆ ನೋಡುತ್ತ ಕುಳಿತಿದ್ದ.

ಪುಟ್ಟನಂಜಮ್ಮನವರು ಶಿವಯೋಗಿಗಳನ್ನು ನೆನೆದು ಮೊದಲ ತುತ್ತು ಬಾಯಿಗಿಟ್ಟರು. ತಟ್ಟೆ ಬರಿದು ಮಾಡಿದರು. ಆಮೇಲೆ ಅದನ್ನು ಸೊಸೆಯತ್ತ ಸರಿಸಿ ಅಂದರು:

“ಇನ್ನೊಂಚೂರು ಹಾಕು, ಮಗಳೇ.”