ಮುಖ ಕಾಣೋ ಪ್ಯಾಕು

ಕತೆಗೆ ಒಬ್ಬರು ಹೂಂಗುಡುವವರು ಬೇಕು. ಹೂಂ ಅನ್ನುವವರಿಲ್ಲದಿದ್ದರೆ ಕತೆ ನಡುದಾರಿಯಲ್ಲೇ ಕೂತುಬಿಡುತ್ತದೆ. ಅದಕ್ಕೇ, ಹೂಂ ಅನ್ನುತ್ತಿರಿ.

ಕಂಬಳಿ ನೇಯುವವರ ಒಂದು ಓಣಿ. ಓಣಿಯ ಕೊನೆಗೆ ಫಕ್ಕೀರವ್ವನ ಮನೆ. ಗಂಡ ತೀರಿಕೊಂಡು ಹನ್ನೊಂದು ವರ್ಷವಾಗಿತ್ತು. ಇದ್ದವನು ಒಬ್ಬನೇ ಮಗ, ಮೈಲಾರಿ. ವಯಸ್ಸು ಮೂವತ್ತು ತುಂಬಿತ್ತು, ಬುದ್ಧಿ ತುಂಬಿರಲಿಲ್ಲ. ಹಾಗಂತ ಮಾತು ಕೇಳದವನಲ್ಲ. ಹೇಳಿದ್ದನ್ನು ಮಾಡುತ್ತಿದ್ದ, ಹೇಳಿದ್ದನ್ನೇ ಮಾಡುತ್ತಿದ್ದ. ಅವ್ವನ ಗೋಳೆಲ್ಲ ಆ 'ನ್ನೇ'ಯಲ್ಲಿತ್ತು. ಬಾಗಿಲು ನೋಡಿಕೋ ಅಂದರೆ ಬಾಗಿಲನ್ನೇ ನೋಡುತ್ತಾ ಕೂರುತ್ತಿದ್ದ. ನಾಯಿ ಅವನ ಪಕ್ಕದಿಂದಲೇ ಒಳಗೆ ಹೋಗಿ, ರೊಟ್ಟಿ ತಿಂದು, ಅವನ ಪಕ್ಕದಿಂದಲೇ ಹೊರಗೆ ಬರುತ್ತಿತ್ತು. ಬಾಗಿಲು ಮಾತ್ರ ಎಲ್ಲೂ ಹೋಗಿರುತ್ತಿರಲಿಲ್ಲ.

ಫಕ್ಕೀರವ್ವನಿಗೆ ಒಬ್ಬಳು ತಂಗಿ, ಹೊನ್ನವ್ವ. ಹುಟ್ಟಿನಿಂದ ಕಿವಿ ಕೇಳಿಸದು, ಮಾತು ಬಾರದು. ಮದುವೆಯಾಗದೆ ಅಕ್ಕನ ಮನೆಯಲ್ಲೇ ಉಳಿದವಳು. ಇಬ್ಬರೂ ಎದುರುಬದುರು ಕೂತು ಉಣ್ಣೆ ನೂಲುತ್ತಿದ್ದರು. ನೂಲುವ ಕೈ ಆಗಾಗ ನಿಲ್ಲಿಸಿ, ಆ ಕೈಯಿಂದಲೇ ಮಾತಾಡುತ್ತಿದ್ದರು. ಬೆರಳನ್ನು ತುಟಿಗೆ ತಾಗಿಸಿ ಹೊಟ್ಟೆಯನ್ನು ಎರಡು ಸಲ ತಟ್ಟಿದರೆ 'ಉಂಡೆಯಾ' ಎಂದು. ನೆತ್ತಿಯ ಮೇಲೆ ಗುದ್ದಿಕೊಂಡರೆ ಮೈಲಾರಿ. ಹೊನ್ನವ್ವ ಅಕ್ಕನನ್ನು ಕರೆಯುವಾಗ ಗದ್ದ ಮುಟ್ಟಿಕೊಳ್ಳುವಳು, ಅಕ್ಕನ ಗದ್ದದ ಮೇಲೆ ಹಚ್ಚೆ ಇತ್ತಲ್ಲ. ಫಕ್ಕೀರವ್ವ ತಂಗಿಯನ್ನು ಕರೆಯುವಾಗ ಕಿವಿ ಮುಟ್ಟಿಕೊಳ್ಳುವಳು. ಆ ಭಾಷೆಯನ್ನು ಯಾರೂ ಅವರಿಗೆ ಕಲಿಸಿದ್ದಲ್ಲ, ಅವರೂ ಯಾರಿಗೂ ಕಲಿಸಲಿಲ್ಲ. ಮೈಲಾರಿಗೆ ಅದರಲ್ಲಿ ತನ್ನ ಹೆಸರೊಂದೇ ಗೊತ್ತು. ಭೂಮಿಯ ಮೇಲೆ ಆ ಭಾಷೆ ಬಲ್ಲವರು ಇಬ್ಬರೇ.

ಹೋದ ವರ್ಷ ಇಚಲಕರಂಜಿಯಲ್ಲಿದ್ದ ತಮ್ಮನ ಮಗಳು ಸಾವಂತ್ರಿ ಅವಳಿ ಮಕ್ಕಳನ್ನು ಹಡೆದಳು. ಎರಡು ತಿಂಗಳ ಮಟ್ಟಿಗೆ ಎಂದು ಹೊನ್ನವ್ವನನ್ನು ಕರೆದುಕೊಂಡು ಹೋದರು. ಎರಡು ತಿಂಗಳು ವರ್ಷವಾಯಿತು. ಫಕ್ಕೀರವ್ವ ಬಾಯಿಂದ ಮಾತಾಡುತ್ತಿದ್ದಳು, ಓಣಿಯವರೊಂದಿಗೆ, ಮಗನೊಂದಿಗೆ, ನಾಯಿಯೊಂದಿಗೆ. ಕೈ ಮಾತ್ರ ವರ್ಷವಿಡೀ ಮಾತಾಡಲಿಲ್ಲ. ನೂಲುತ್ತಿತ್ತು, ಅಷ್ಟೇ.

ಆಮೇಲೆ ಸಾವಂತ್ರಿ, ಊರಿಗೆ ಬರುತ್ತಿದ್ದವರ ಕೈಯಲ್ಲಿ ತನ್ನ ಹಳೆಯ ಫೋನು ಕೊಟ್ಟು ಕಳಿಸಿದಳು. ರವಿವಾರ ಬೆಳಿಗ್ಗೆ ಇಪ್ಪತ್ತೆಂಟು ದಿನದ ಪ್ಯಾಕು ಹಾಕಿಸುತ್ತೇನೆ, ಪ್ರತಿ ರವಿವಾರ ಮಧ್ಯಾಹ್ನ ಫೋನ್ ಹಚ್ಚಿದರೆ ಸಣ್ಣತ್ತೆಯ ಮುಖ ಕಾಣುತ್ತದೆ ಎಂದು ಹೇಳಿ ಕಳಿಸಿದ್ದಳು. ತಂದವನು ಯಾವ ಚಿತ್ರ ಒತ್ತಬೇಕೆಂದು ಮೈಲಾರಿಗೆ ತೋರಿಸಿ ಹೋದ.

ರವಿವಾರ ಬಂತು. ಫಕ್ಕೀರವ್ವ ಅಂಗಳದಲ್ಲಿ ಹೊಸ ಕಂಬಳಿ ಹರಡಿ, ಅದಕ್ಕೆ ಹುಣಸೆಬೀಜದ ಗಂಜಿ ಹಚ್ಚುತ್ತಿದ್ದಳು. ಮೊಣಕೈವರೆಗೂ ಗಂಜಿ. ಹೊತ್ತು ನೆತ್ತಿಗೆ ಬಂದದ್ದು ಕಂಡು, "ಮೈಲಾರೀ, ಫೋನ್ ಹಚ್ಚೋ" ಎಂದು ಕೂಗಿದಳು.

ಮೈಲಾರಿ ಫೋನು ತಂದ. ಗಂಜಿಯ ಗಡಿಗೆಗೆ ಕೈ ಹಾಕಿದ. ಫೋನಿಗೆ ಒಂದು ಮಗ್ಗುಲು ಹಚ್ಚಿದ, ಹೊರಳಿಸಿ ಇನ್ನೊಂದು ಮಗ್ಗುಲು ಹಚ್ಚಿದ, ಕಂಬಳಿಯ ಪಕ್ಕ ಬಿಸಿಲಿಗೆ ಒಣಗಲು ಇಟ್ಟ.

ಅವ್ವ ಹಣೆ ಬಡಿದುಕೊಂಡಳು. ಹಣೆಗೂ ಗಂಜಿ ಆಯಿತು.

"ಹಚ್ಚು ಅಂದಿ, ಹಚ್ಚೀನಿ. ಕಂಬಳಿಗಿಂತ ಛಲೋ ಹಚ್ಚೀನಿ ನೋಡು" ಎಂದ ಮೈಲಾರಿ.

ಸೆರಗಿನಿಂದ ಒರೆಸಿ ಒರೆಸಿ ಫೋನನ್ನು ಬದುಕಿಸಿಕೊಂಡದ್ದಾಯಿತು. ಇನ್ನು ಮೇಲೆ ಇದರ ಮೈಗೆ ಏನೂ ತಾಗಬಾರದು, ಧೂಳು ಕೂಡ ತಾಗಬಾರದು, ತಿಳಿಯಿತೇ ಎಂದಳು. ತಿಳಿಯಿತು ಅಂದ. ಚಿತ್ರ ಒತ್ತಿದ. ಗಾಜಿನೊಳಗೆ ಹೊನ್ನವ್ವ ಬಂದಳು. ಬಂದವಳೇ ಗದ್ದ ಮುಟ್ಟಿಕೊಂಡಳು.

ವರ್ಷದ ಮೇಲೆ ಯಾರೋ ಫಕ್ಕೀರವ್ವನನ್ನು ಆ ಹೆಸರಿನಿಂದ ಕರೆದಿದ್ದರು. ಅವಳ ಕೈ ಮೊದಲು ತಡವರಿಸಿತು. ಆಮೇಲೆ ಶುರುವಾಯಿತು ನೋಡಿ. ಮಳೆ, ರೊಟ್ಟಿ, ಮಂಡಿನೋವು, ಅವಳಿ ಮಕ್ಕಳಲ್ಲಿ ಯಾವುದು ಹೆಚ್ಚು ಅಳುತ್ತದೆ, ಎಲ್ಲ ಬಂತು. ನೆತ್ತಿ ಗುದ್ದಿಕೊಂಡು ಗಂಜಿಯ ಸಂಗತಿ ಹೇಳಿದಾಗ ಹೊನ್ನವ್ವ ಸದ್ದಿಲ್ಲದೆ ನಕ್ಕಳು. ಒಂದು ತಾಸು ಮನೆಯಲ್ಲಿ ಒಂದು ಶಬ್ದವೂ ಇರಲಿಲ್ಲ. ಹೊರಗೆ ಹಾದುಹೋದವರು ಮನೆಯಲ್ಲಿ ಯಾರೂ ಇಲ್ಲ ಅಂದುಕೊಂಡರು.

ಹೀಗೆ ನಾಲ್ಕು ರವಿವಾರ. ನಾಲ್ಕನೆಯ ರವಿವಾರ ಸಾವಂತ್ರಿ ಅಡ್ಡ ಬಂದು, ಅತ್ತೀ, ಶನಿವಾರಕ್ಕೆ ನೆಟ್ ಮುಗಿಯುತ್ತದೆ, ನಿಮ್ಮ ಕಡೆಯೇ ಹಾಕಿಸಿಕೊಳ್ಳಿ ಎಂದಳು.

ಮರುದಿನ ಫಕ್ಕೀರವ್ವ ಮಗನಿಗೆ ಫೋನು ಕೊಟ್ಟು, ನೆಟ್ ಹಾಕಿಸಿಕೊಂಡು ಬಾ ಎಂದಳು. ಮೈಲಾರಿಗೆ ಹಿಂದಿನ ಬುದ್ಧಿಮಾತು ಮರೆತಿರಲಿಲ್ಲ. ಮೈಗೆ ಏನೂ ತಾಗಬಾರದು. ನೆಟ್ಟಗೆ ದರ್ಜಿಯ ಹತ್ತಿರ ಹೋದ. ಸೊಳ್ಳೆಪರದೆಯ ತುಂಡಿನಲ್ಲಿ ಫೋನಿಗೊಂದು ಅಂಗಿ ಹೊಲಿಸಿದ, ಬಾಯಿಯನ್ನೂ ಹೊಲಿಸಿಬಿಟ್ಟ.

"ನೆಟ್ ಹಾಕಿಸೀನಿ. ಇನ್ನ ಸೊಳ್ಳಿ ಸೈತ ತಾಗಂಗಿಲ್ಲ."

ಕತ್ತರಿ ಹುಡುಕುತ್ತಾ ಫಕ್ಕೀರವ್ವ ಬೈದಳು. ಬೈಯುತ್ತಲೇ ಅವಳಿಗೆ ಬೇರೊಂದು ಯೋಚನೆ ಬಂತು. ಪ್ಯಾಕಿಗೆ ಹೋಗುವುದು ಎಂಟು ದಿನ ನೂತ ನೂಲಿನ ದುಡ್ಡು. ಸಿಗುವುದು ನಾಲ್ಕು ರವಿವಾರ. ಅಂದರೆ ಒಂದು ತಾಸಿಗೆ ಎರಡು ದಿನದ ನೂಲು. ಪಕ್ಕದ ಮನೆಯ ಬಸಕ್ಕ ಮೊನ್ನೆಯೇ ಅಂದಿದ್ದಳು, ಪ್ಯಾಕಿನವರು ದಿನಾ ನೆಟ್ ಬಡಿಸುತ್ತಾರೆ, ನೀನು ವಾರಕ್ಕೊಮ್ಮೆ ಉಂಡು ಆರು ದಿನ ಚೆಲ್ಲುತ್ತೀ ಎಂದು. ಮಾತಿನ ಪ್ಯಾಕು ಸೋವಿ, ಕಡಿಮೆ ದುಡ್ಡಿಗೆ ಸಿಗುತ್ತದೆ. ಆದರೆ ಹೊನ್ನಿಗೆ ಮಾತಿನ ಪ್ಯಾಕು ತಗೊಂಡು ಏನು ಮಾಡುವುದು? ಹೂಂ ಅನ್ನುವುದಕ್ಕೂ ಬಾರದವಳು.

ಇದು ತನ್ನೊಬ್ಬಳಿಗೆ ತೀರ್ಮಾನವಾಗುವ ಮಾತಲ್ಲ ಅನಿಸಿತು. ಮಗನಿಗೆ ಹೇಳಿದಳು: ಗೊತ್ತಾಗದಿದ್ದರೆ ನಾಲ್ಕು ಮಂದಿಯನ್ನು ಕೇಳಬೇಕು. ಅಷ್ಟು ದುಡ್ಡು ಕೊಟ್ಟು ನೆಟ್ ಹಾಕಿಸುವುದು ಲಾಭವೋ ಅಲ್ಲವೋ, ನಾಲ್ಕು ಮಂದಿಯನ್ನು ಕೇಳಿಕೊಂಡು ಬಾ.

ಮೈಲಾರಿ ಹೊರಟ. ಕಟ್ಟೆಯ ಮೇಲೆ ಮೂವರಿದ್ದರು, ಬಿಟ್ಟ. ಬಾವಿಯ ಹತ್ತಿರ ಐವರಿದ್ದರು, ಬಿಟ್ಟ. ಊರ ಹೊರಗೆ ಸರಿಯಾಗಿ ನಾಲ್ಕು ಮಂದಿ ಸಿಕ್ಕರು. ಹೆಗಲ ಮೇಲೆ ಚಟ್ಟ ಹೊತ್ತು ಹೊರಟಿದ್ದರು. ಮೈಲಾರಿ ಅಡ್ಡ ನಿಂತು, ನೆಟ್ ಹಾಕಿಸುವುದು ಲಾಭವೇನು ಎಂದು ಒಬ್ಬೊಬ್ಬರನ್ನೇ ಕೇಳಿದ. ಮುಂದೆ ಹೊತ್ತವನಿಗೆ ಸಿಟ್ಟು ಬಂದು, "ಮ್ಯಾಲ ಮಲಗ್ಯಾನಲ್ಲ, ಅವನ್ನ ಕೇಳು. ಲಾಭ ಲುಕ್ಸಾನು ಎಲ್ಲಾ ತಿಳದಾವ ಅವಗ ಈಗ" ಎಂದ. ಮೈಲಾರಿ ಅವನನ್ನೂ ಕೇಳಿದ. ಎರಡು ಸಲ ಕೇಳಿದ. ಆಮೇಲೆ ಪೆಟ್ಟು ತಿಂದು ಮನೆಗೆ ಬಂದ.

"ನಾಲ್ಕು ಮಂದಿ ಬೈದರು, ಐದನೇದಾವ ಏನೂ ಅನ್ನಲಿಲ್ಲ. ಅವನ ಭಾಳ ಶಾಣ್ಯಾ" ಎಂದ.

ಫಕ್ಕೀರವ್ವ ಅವನ ಬೆನ್ನಿಗೆ ಎಣ್ಣೆ ತಿಕ್ಕುತ್ತಾ ಮತ್ತೆ ಬುದ್ಧಿ ಹೇಳಿದಳು. ಅಂಥಲ್ಲಿ ಬಾಯಿ ತೆರೆಯಬಾರದು. ಜನ ಕೂಡಿದ ಕಡೆ ಕೈಮುಗಿದು ಸುಮ್ಮನೆ ನಿಲ್ಲಬೇಕು. ಹೂಂ ಅಂದ.

ಶುಕ್ರವಾರ, ಆದದ್ದಾಗಲಿ ಹಾಕಿಸಿಯೇ ಬಿಡೋಣ ಎಂದು ಫೋನು ದುಡ್ಡು ಕೊಟ್ಟು ಅವನನ್ನು ಮೊಬೈಲ್ ಅಂಗಡಿಗೇ ಕಳಿಸಿದಳು. ಅಂಗಡಿಯ ರಾಜೇಸಾಬ ಈಚೆಗೆ ಬೇರೆ ಊರಿನಿಂದ ಬಂದವನು, ಮೈಲಾರಿಯ ಗುರುತಿಲ್ಲ. ಒಂದು ಕಡೆ ಫೋನಿನ ಸಾಮಾನು, ಇನ್ನೊಂದು ಕಡೆ ಬಳೆ ರಿಬ್ಬನ್ನು ಇಟ್ಟಿದ್ದ. ಅಂಗಡಿಯಲ್ಲಿ ಜನ ಕೂಡಿದ್ದರು. ಮೈಲಾರಿ ಕೈಮುಗಿದು ನಿಂತ. ಏನು ಬೇಕು ಎಂದು ರಾಜೇಸಾಬ ಕೇಳಿದ. ಮೈಲಾರಿ ಕೈಮುಗಿದ. ಕರೆನ್ಸಿ ಹಾಕಬೇಕೋ ಪ್ಯಾಕ್ ಬೇಕೋ ಎಂದ. ಮೈಲಾರಿ ಕಣ್ಣು ಮುಚ್ಚಿ ಕೈಮುಗಿದ.

"ಪಾಪ, ಮೂಗ. ಮೂಗರಿಗೆ ಯಾಕಪಾ ಫೋನು" ಎಂದ ರಾಜೇಸಾಬ, ಮರುಕಪಟ್ಟು ಒಂದು ಬಿಸ್ಕತ್ತಿನ ಪ್ಯಾಕು ಅವನ ಕೈಗಿಟ್ಟು ಕಳಿಸಿದ.

ಮೈಲಾರಿ ಓಡುತ್ತಾ ಬಂದ. ಪ್ಯಾಕ್ ಸಿಕ್ಕಿತು, ದುಡ್ಡು ತಗೊಳ್ಳಲೇ ಇಲ್ಲ, ಮೂಗರಿಗೆ ಯಾಕೆ ಫೋನು ಅಂತ ಹೇಳಿ ಪುಕ್ಕಟೆ ಕೊಟ್ಟ ಎಂದ. ಫಕ್ಕೀರವ್ವ ಬೈಯಲಿಲ್ಲ. ಬಿಸ್ಕತ್ತನ್ನು ಅವನೇ ತಿನ್ನಲಿ ಎಂದು ಬಿಟ್ಟಳು. ಮೂಗರಿಗೆ ಯಾಕೆ ಫೋನು. ಓಣಿಯವರು ಸುತ್ತಿ ಬಳಸಿ ಹೇಳುತ್ತಿದ್ದದ್ದೂ ಇದನ್ನೇ. ಇರಲಿ, ಹಾಕಿಸುವುದು ಬೇಡ ಎಂದುಕೊಂಡಳು. ಶನಿವಾರ ನೆಟ್ ಮುಗಿಯಿತು.

ರವಿವಾರ ಮಧ್ಯಾಹ್ನ ಫೋನು ತಾನೇ ಬಡಿದುಕೊಂಡಿತು. ಮುಖ ಬಾರದ್ದಕ್ಕೆ ಸಾವಂತ್ರಿ ಬರಿಯ ಮಾತಿನ ಫೋನು ಹಚ್ಚಿದ್ದಳು. ಸಣ್ಣತ್ತೆ ಬೆಳಗಿನಿಂದ ತಲೆ ಬಾಚಿಕೊಂಡು ಕೂತಿದ್ದಾಳೆ, ಕೇಳುತ್ತಿಲ್ಲ, ಫೋನು ಕಸಿದುಕೊಂಡಳು ಎಂದಳು. ಆಮೇಲೆ ಮಾತಿಲ್ಲ. ಉಸಿರು. ಗಾಜಿನ ಬಳೆಗಳ ಸದ್ದು, ನಿಲ್ಲುವುದು, ಮತ್ತೆ ಸದ್ದು. ಹೊನ್ನವ್ವ ಅಲ್ಲಿ ಕೈಯಲ್ಲಿ ಏನೋ ಹೇಳುತ್ತಿದ್ದಳು. ಫಕ್ಕೀರವ್ವ ಇಲ್ಲಿ ಫೋನನ್ನು ಕಿವಿಗೆ ಒತ್ತಿ ಹಿಡಿದಿದ್ದಳು. ಐವತ್ತು ವರ್ಷ ಜೊತೆಗಿದ್ದರೂ ಆ ಬಳೆಗಳಿಗೆ ಇಷ್ಟು ಸದ್ದಿದೆ ಎಂದು ಅವಳಿಗೆ ತಿಳಿದಿರಲಿಲ್ಲ. ಏನು ಹೇಳಿದಳೆಂದು ಮಾತ್ರ ತಿಳಿಯಲಿಲ್ಲ.

ಸದ್ದು ನಿಂತಮೇಲೆ ಗಂಟು ಬಿಚ್ಚಿ, ಇದ್ದ ದುಡ್ಡನ್ನೂ ಫೋನನ್ನೂ ಮಗನ ಕೈಯಲ್ಲಿಟ್ಟಳು. ಈ ಸಲ ಒಂದೊಂದನ್ನೂ ಅಳೆದು ಹೇಳಿದಳು. ಫೋನು ಕಿಸೆಯಲ್ಲೇ ಇರಲಿ, ಏನೂ ಹಚ್ಚಬೇಡ, ಹೊಲಿಸಬೇಡ. ದಾರಿಯಲ್ಲಿ ಯಾರನ್ನೂ ಕೇಳಬೇಡ. ಕೈಮುಗಿಯಬೇಡ, ಬಾಯಿ ತೆರೆದು ಹೇಳು.

"ಏನಂತ ಹೇಳ್ಲಿ?"

"ಮಾತು ಬ್ಯಾಡ, ಮುಖ ಕಾಣಬೇಕು ಅಂತ ಹೇಳು. ಅಷ್ಟ."

ಅಂಗಡಿಯಲ್ಲಿ ಆಗ ರಾಜೇಸಾಬ ಊಟಕ್ಕೆ ಹೋಗಿದ್ದ, ಅವನ ತಾಯಿ ಬಳೆಯ ಕಡೆ ಕೂತಿದ್ದಳು. ಮೈಲಾರಿ ಬಾಯಿ ತೆರೆದು, ಮಾತು ಬೇಡ, ಮುಖ ಕಾಣಬೇಕು ಎಂದ. ಮುದುಕಿ ಎರಡು ಕೈಯಗಲದ ಒಂದು ಕನ್ನಡಿ ತೆಗೆದುಕೊಟ್ಟಳು.

ಮೈಲಾರಿ ಅದನ್ನು ಎದೆಗೆ ಅವಚಿಕೊಂಡು ಬಂದು, ಗೋಡೆಗೆ ಒರಗಿಸಿ ನಿಲ್ಲಿಸಿದ. ಫೋನನ್ನೂ ಉಳಿದ ದುಡ್ಡನ್ನೂ ಅವ್ವನ ಮುಂದಿಟ್ಟ.

"ನೆಟ್ಟಿಗಿಂತ ಸೋವಿ, ಅವ್ವಾ. ಇದಕ್ಕ ಇಪ್ಪತ್ತೆಂಟು ದಿನ ಅನ್ನೂದಿಲ್ಲಂತ. ಒಡಿಯೋ ತನಕಾ ನಡೀತದಂತ."

ಬೈಯಲು ಬಾಯಿ ತೆರೆದ ಫಕ್ಕೀರವ್ವ ಕನ್ನಡಿಯ ಹತ್ತಿರ ಬಗ್ಗಿದಳು. ಗಂಡ ಹೋದಮೇಲೆ ಅವಳು ಕನ್ನಡಿ ನೋಡಿದ್ದೇ ಇಲ್ಲ. ಅದರೊಳಗೆ ಹೊನ್ನವ್ವನದೇ ಅಗಲ ಮೂಗು, ಮುಂದಿನ ಹಲ್ಲುಗಳ ನಡುವೆ ಅದೇ ಸಂದಿ. ಮುದುಕಿಯಾಗುತ್ತಾ ಆಗುತ್ತಾ ಅಕ್ಕನೂ ತಂಗಿಯಂತೆಯೇ ಆಗಿಬಿಟ್ಟಿದ್ದಳು. ಅವಳಿಗೆ ತಿಳಿಯದೆಯೇ ಕೈ ಮೇಲೆದ್ದಿತು. ಬೆರಳು ತುಟಿಗೆ ತಾಗಿತು, ಹೊಟ್ಟೆಯನ್ನು ಎರಡು ಸಲ ತಟ್ಟಿತು. ಕನ್ನಡಿಯೊಳಗಿನವಳೂ ಅದನ್ನೇ ಕೇಳಿದಳು. ಇಬ್ಬರೂ ಕೇಳಿದರು, ಉಂಡೆನೆಂದು ಯಾರೂ ಹೇಳಲಿಲ್ಲ. ಫಕ್ಕೀರವ್ವ ಕಿವಿ ಮುಟ್ಟಿಕೊಂಡಳು. ಒಳಗಿನವಳೂ ಕಿವಿಯನ್ನೇ ಮುಟ್ಟಿಕೊಂಡಳು. ಹೊನ್ನಿಯಾಗಿದ್ದರೆ ಗದ್ದ ಮುಟ್ಟಿಕೊಳ್ಳುತ್ತಿದ್ದಳು.

ಆಮೇಲೆ ಎದ್ದಳು. ಫೋನು, ಉಳಿದ ದುಡ್ಡು ತಗೊಂಡಳು. ಸಾಲದ್ದಕ್ಕೆ ಮಾರಲೆಂದು ಮೂಲೆಯಲ್ಲಿದ್ದ ನೂಲಿನ ಉಂಡೆಗಳನ್ನು ಉಡಿಗೆ ಹಾಕಿಕೊಂಡಳು.

ಮೈಲಾರಿ ಕನ್ನಡಿಯ ಹಿಂದೆ ಇಣುಕಿ ನೋಡಿ, ಚಿಗವ್ವ ಬಂದಳೇ ಎಂದು ಕೇಳಿದ.

"ಬಂದಾಳ" ಎಂದಳು ಫಕ್ಕೀರವ್ವ. "ನಾ ಬರೋ ತನಕಾ ಆಕೀ ಮುಂದ ಕುಂತು ಮಾತಾಡಸು. ಎಲ್ಲಿಗೂ ಹೋಗಗೊಡಬ್ಯಾಡ."

ನೂಲು ಮಾರಿ ಅವಳು ಅಂಗಡಿ ಮುಟ್ಟುವ ಹೊತ್ತಿಗೆ ರಾಜೇಸಾಬ ಬಂದಿದ್ದ. ಮಾತಿನದೋ ನೆಟ್ಟಿನದೋ, ಯಾವುದು ಹಾಕಲಿ ಎಂದು ಕೇಳಿದ.

"ಕೇಳಿದ್ದಕ್ಕ ಹೊಳ್ಳಿ ಉತ್ತರಾ ಬರೂದು ಹಾಕಪಾ" ಎಂದಳು.

ಹಾಗಾದರೆ ಮಾತಿನದೇ ಎಂದ ಅವನು. ಅಲ್ಲ, ನೆಟ್ಟಿನದು ಎಂದು ಬಿಡಿಸಿ ಹೇಳಿ, ಹಾಕಿ ಮುಗಿಯುವ ತನಕ ಅವನ ಬೆರಳನ್ನೇ ನೋಡುತ್ತಾ ನಿಂತಳು.

ಅಷ್ಟರಲ್ಲಿ ಮೈಲಾರಿ ಏದುಸಿರು ಬಿಡುತ್ತಾ ಓಡಿಬಂದ.

"ಅವ್ವಾ, ಚಿಗವ್ವ ಎದ್ದು ಹೋದಳು. ಆಕೀ ಜಾಗಾದಾಗ ಯಾವನೋ ಪೆದ್ದ ಬಂದು ಕುಂತಾನ. ನಾ ಏನ್ ಕೇಳಿದರೂ ಬರೇ ಬಾಯಿ ಆಡಸ್ತಾನ, ಒಂದ್ ಹೂಂ ಸೈತ ಅನ್ನವಲ್ಲ."