ಖಾಲಿ ಪೆಟ್ಟಿಗೆಯ ಕಾಲುದಾರಿ

ಇಂಗ್ಲೆಂಡಿನ ಉತ್ತರಕ್ಕೆ, ಯಾರ್ಕ್‌ಶೈರ್ ಸೀಮೆಯ ಗುಡ್ಡಗಳ ನಡುವೆ, ಕೆಲ್ಡರ್ಬಿ ಎಂಬ ಸಣ್ಣ ಊರಿದೆ. ಕೆಳಗೆ ಹೊಳೆ, ಹೊಳೆಯ ದಂಡೆಗೆ ಬೂದುಗಲ್ಲಿನ ಹಳೆಯ ಚರ್ಚು, ಅದರ ಸುತ್ತ ಒಂದಕ್ಕೊಂದು ಆತು ನಿಂತ ಕಲ್ಲುಮನೆಗಳು. ಮೇಲೆ ಗುಡ್ಡದ ನೆತ್ತಿಯ ಹತ್ತಿರ ಹೈಫೋಲ್ಡ್ ಎಂಬ ಕೇರಿ. ಎರಡರ ನಡುವೆ ಇಳಿಜಾರಿನ ದೊಡ್ಡ ಹುಲ್ಲುಗಾವಲು ಹರಡಿಕೊಂಡಿದೆ. ಚರ್ಚಿನ ಹಿಂದೆ ಒಂದು ಮರದ ಗೇಟು, ಗೇಟಿನ ಪಕ್ಕದ ಕಂಬದ ಮೇಲೆ ಹಲಗೆ. ಅದರಲ್ಲಿ ಬರೆದಿರುವುದನ್ನು ಕನ್ನಡಕ್ಕೆ ತಂದರೆ ‘ಖಾಲಿ ಶವಪೆಟ್ಟಿಗೆಯ ದಾರಿ’ ಎಂದಾಗುತ್ತದೆ. ಗೇಟಿನಿಂದ ಹೊರಟ ದಾರಿ ಎಲ್ಲ ಗುಡ್ಡದ ದಾರಿಗಳಂತೆ ಅಡ್ಡಡ್ಡ ಬಳುಕುತ್ತ ಏರುತ್ತದೆ. ಹುಲ್ಲುಗಾವಲಿನ ನಡುವೆ ಒಂದು ಚಪ್ಪಟೆ ಬಂಡೆ ಸಿಗುತ್ತದೆ. ಅಲ್ಲಿಂದ ಮುಂದೆ ದಾರಿಗೆ ಏನೋ ಹುಚ್ಚು ಹಿಡಿದಂತೆ, ಒಂದು ತಿರುವೂ ಇಲ್ಲದೆ, ಕಡಿದಾದ ಏರನ್ನು ನೆಟ್ಟಗೆ ಹತ್ತಿ ಹೈಫೋಲ್ಡ್ ಮುಟ್ಟುತ್ತದೆ. ನೌಕರಿಯುದ್ದಕ್ಕೂ ಭೂಮಾಪನ ಇಲಾಖೆಯಲ್ಲಿ ಸರಪಳಿ ಎಳೆದವನು ನಾನು. ದನವಾಗಲಿ ಮನುಷ್ಯನಾಗಲಿ ಗುಡ್ಡವನ್ನು ಹಾಗೆ ಹತ್ತಿದ್ದನ್ನು ಎಲ್ಲೂ ಕಂಡಿರಲಿಲ್ಲ.

ನಾವು ಅಲ್ಲಿಗೆ ಹೋದದ್ದು ರಜೆಗೆ. ಲಂಡನ್ನಿನ ಗೋಪುರ, ಸೇತುವೆ, ಅರಮನೆ ಎಲ್ಲ ಮುಗಿದ ಮೇಲೆ, ಹಳೆಯ ಊರುಗಳನ್ನು ಕಾಲ್ನಡಿಗೆಯಲ್ಲಿ ನೋಡಬೇಕೆಂದು ನಾನೇ ಹಟ ಹಿಡಿದಿದ್ದೆ. ಮೇ ತಿಂಗಳು. ನಮ್ಮ ನವಲಗುಂದದಲ್ಲಿ ಆ ಹೊತ್ತಿಗೆ ಹೆಂಚು ಕಾದು ಮನೆಯೊಳಗೆ ಕೂರಲಾಗುವುದಿಲ್ಲ, ಇಲ್ಲಿ ನಾನು ಕಿವಿ ಮುಚ್ಚುವ ಮಂಕಿ ಟೋಪಿ ಹಾಕಿಕೊಂಡು ನಡುಗುತ್ತಿದ್ದೆ. ಗೇಟು ತೆರೆಯಹೋದವನ ತೋಳನ್ನು ನನ್ನ ಹೆಂಡತಿ ನೀಲಾಂಬಿಕೆ ಹಿಡಿದು ನಿಲ್ಲಿಸಿದಳು. “ಏನ್ರಿ, ಯಾರದೋ ಹೊಲದಾಗ ಹೊಕ್ಕು ಬೈಸ್ಕೊಳ್ಳೂದು ಬ್ಯಾಡ. ಪರದೇಶ ಇದು.” ಅವಳ ಭಯ ಸುಳ್ಳಲ್ಲ. ನಮ್ಮಲ್ಲಿ ಬದುವಿನ ಮೇಲೆ ಕಾಲಿಟ್ಟದ್ದಕ್ಕೆ ಅಣ್ಣತಮ್ಮಂದಿರು ಕೋರ್ಟು ಹತ್ತಿದ್ದನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಅಷ್ಟರಲ್ಲಿ ಚರ್ಚಿನ ಕೀಲಿಕೈ ಹಿಡಿದು ಒಬ್ಬ ಮುದುಕ ಬಂದ. ಹೆಸರು ಆಂಬ್ರೋಸ್. ಹಿಂದೆ ಕುರಿ ಸಾಕುತ್ತಿದ್ದವನು, ಈಗ ಬಂದವರಿಗೆ ಚರ್ಚು ತೋರಿಸುತ್ತಾನೆ. ತಲೆಯ ಮೇಲೆ ಅವನಷ್ಟೇ ವಯಸ್ಸಾದ ಒಂದು ಟೋಪಿ. ಈ ದೇಶದಲ್ಲಿ ಹೊಲ ಒಬ್ಬನದು, ಅದರೊಳಗಿನ ದಾರಿ ಎಲ್ಲರದು, ಧೈರ್ಯವಾಗಿ ನಡೆಯಿರಿ ಎಂದು ಅವನೇ ಗೇಟು ತೆರೆದು ಜೊತೆಗೆ ಬಂದ. ಬಂಡೆಯವರೆಗೆ ಹತ್ತುವಷ್ಟರಲ್ಲಿ ನನಗೆ ಏದುಸಿರು ಬಂದಿತ್ತು, ಅವನು ಮಾತ್ರ ಕತೆ ಆರಂಭಿಸಿಬಿಟ್ಟಿದ್ದ.

ಹಿಂದೆ ಒಮ್ಮೆ, ಈ ಹುಲ್ಲುಗಾವಲು ಸರ್ ಮಾರ್ಮಡ್ಯೂಕ್ ಎಂಬ ಧಣಿಯ ಕೈಗೆ ಬಂದಿತು ಎನ್ನುತ್ತಾರೆ. ಆ ಹೆಸರು ಹೇಳಿ ಮುಗಿಸಲು ಒಂದು ಲೋಟ ನೀರು ಬೇಕು, ಆದ್ದರಿಂದ ಇನ್ನು ಮುಂದೆ ಧಣಿ ಎಂದಷ್ಟೇ ಹೇಳುತ್ತೇನೆ. ಆತ ಕೆಟ್ಟವನಲ್ಲವಂತೆ, ಹುಲ್ಲಿನ ಹುಚ್ಚಿನವನು. ತನ್ನ ಹುಲ್ಲು ಸೀಮೆಗೇ ಎತ್ತರ ಬೆಳೆಯಬೇಕು, ಅದನ್ನು ಯಾರೂ ತುಳಿಯಬಾರದು. ಅದಕ್ಕಾಗಿ ಸುತ್ತಲೂ ಕಲ್ಲುಗೋಡೆ ಕಟ್ಟಿಸಿ, ಮೇಲೂ ಕೆಳಗೂ ಗೇಟಿಗೆ ಬೀಗ ಹಾಕಿಸಿದ. ಅಲ್ಲಿಯವರೆಗೆ ಹೈಫೋಲ್ಡಿನ ಜನ ಚರ್ಚಿಗೆ, ಗಿರಣಿಗೆ, ಸಂತೆಗೆ ಈ ಹುಲ್ಲಿನ ನಡುವೆಯೇ ಇಳಿದು ಬರುತ್ತಿದ್ದರು. ಹೆಣವನ್ನು ಮಾತ್ರ ಮೊದಲಿನಿಂದಲೂ ಗಾಡಿಯ ಮೇಲೆ ಸುತ್ತಿಸಿ ತರುವುದೇ ರೂಢಿ. ಬೀಗ ಬಿದ್ದ ಮೇಲೆ ಎಲ್ಲರೂ ಗುಡ್ಡವನ್ನು ಬಳಸಿ ಗಾಡಿರಸ್ತೆಯಲ್ಲಿ ಬರಬೇಕಾಯಿತು. ಅರ್ಧ ದಿನ ಅದಕ್ಕೇ ಹೋಗುತ್ತಿತ್ತು. ಹಿಟ್ಟಿಗೆ ಸುತ್ತಿ ಬರಬಹುದು, ಪ್ರಾರ್ಥನೆಗೂ ಸುತ್ತಿ ಬರಬಹುದು. ಆದರೆ ಹೆರಿಗೆಯ ನೋವು ಸುತ್ತುದಾರಿ ಮುಗಿಯುವವರೆಗೆ ಕಾಯುವುದಿಲ್ಲ.

ಎರಡೂ ಊರಿಗೆ ಇದ್ದವಳು ಒಬ್ಬಳೇ ಸೂಲಗಿತ್ತಿ. ಅವಳ ಹೆಸರು ಟ್ಯಾಬಿತಾ, ಮನೆ ಕೆಳಗೆ ಚರ್ಚಿನ ಮಗ್ಗುಲಲ್ಲಿ. ಇಬ್ಬರು ಹೆಣ್ಣುಮಕ್ಕಳನ್ನೂ ಹೈಫೋಲ್ಡಿಗೆ ಕೊಟ್ಟಿದ್ದಳು. ಬೀಗ ಬಿದ್ದ ವರ್ಷವೇ ಹಿರಿಯವಳು ಆಗ್ನೆಸ್‌ಗೆ ನೋವು ಬಂದಿತು. ಟ್ಯಾಬಿತಾ ಗಾಡಿರಸ್ತೆಯಲ್ಲಿ ಸುತ್ತಿಕೊಂಡು ಹೋಗಿ ಮುಟ್ಟುವ ಹೊತ್ತಿಗೆ ತಾಯಿಯೂ ಇರಲಿಲ್ಲ, ಕೂಸೂ ಇರಲಿಲ್ಲ. ಊರಿನ ಎಲ್ಲರ ಮಕ್ಕಳನ್ನೂ ಕೈಯಲ್ಲಿ ಹಿಡಿದವಳಿಗೆ ತನ್ನ ಮಗಳ ಕೈ ಹಿಡಿಯಲು ಆಗಲಿಲ್ಲ. ಮಾರನೆಯ ಬೇಸಿಗೆಯ ಹೊತ್ತಿಗೆ ಕಿರಿಯವಳು ರೂತ್ ತುಂಬು ಬಸುರಿಯಾಗಿದ್ದಳು. ಮಗಳ ಮನೆಯಲ್ಲೇ ಹೋಗಿ ಇರೋಣವೆಂದರೆ ಕೆಳಗಿನ ಊರಿನಲ್ಲೂ ದಿನ ತುಂಬಿದ ಬಸುರಿಯರಿದ್ದರು. ಮುದುಕಿಗೆ ಒಂದೇ ಯೋಚನೆ ಹಿಡಿಯಿತು. ರೂತ್‌ಗೆ ನೋವು ಬರುವುದರೊಳಗೆ ಈ ದಾರಿ ತೆರೆಯಬೇಕು.

ಆ ಸೀಮೆಯಲ್ಲಿ ಒಂದು ನಂಬಿಕೆ ಇತ್ತು. ಸತ್ತವರನ್ನು ಹೊತ್ತುಕೊಂಡು ಯಾರ ಹೊಲದಲ್ಲಿ ಹಾಯ್ದು ಚರ್ಚಿನ ಬಾಗಿಲು ಮುಟ್ಟಿದರೂ, ಆ ಹೆಣ ಹೋದ ಜಾಡು ಅಂದಿನಿಂದ ಎಲ್ಲರ ದಾರಿಯಾಗುತ್ತದೆ, ಮತ್ತೆ ಯಾರೂ ಮುಚ್ಚುವಂತಿಲ್ಲ. ಇಂಥ ಮಾತು ಯಾವ ಕಾಯಿದೆಯಲ್ಲೂ ಇಲ್ಲವಂತೆ. ಆದರೆ ಹೊಲವಿದ್ದವರೂ ಇಲ್ಲದವರೂ ಇದನ್ನು ಒಂದೇ ಸಮ ನಂಬಿದ್ದರು, ಆದ್ದರಿಂದ ಕಾಯಿದೆಗಿಂತ ಗಟ್ಟಿಯಾಗಿಯೇ ನಡೆಯುತ್ತಿತ್ತು. ಧಣಿಯೂ ನಂಬಿದ್ದ. ಅದಕ್ಕೇ ಹೈಫೋಲ್ಡಿನಲ್ಲಿ ಯಾರು ಸತ್ತರೂ ತನ್ನದೇ ಕುದುರೆಗಾಡಿ ಕಳಿಸಿ, ರಸ್ತೆಯ ಮೇಲೆ ಸುತ್ತಿಸಿ, ಹೊರುವವರಿಗೆ ಕುಡಿಯಲು ಬಿಯರನ್ನೂ ಕೊಟ್ಟು, ಹೆಣ ಹುಲ್ಲು ಮುಟ್ಟದಂತೆ ನೋಡಿಕೊಂಡಿದ್ದ. ಬಿಟ್ಟಿ ಗಾಡಿ, ಬಿಟ್ಟಿ ಬಿಯರು, ಯಾರು ತಾನೇ ಬೇಡವೆಂದಾರು? ಧಣಿ ಚಾಪೆಯ ಕೆಳಗೆ ನುಸುಳಿದರೆ ಟ್ಯಾಬಿತಾ ರಂಗೋಲಿಯ ಕೆಳಗೆ ನುಸುಳಿದಳು. ಅವಳ ಊರಿನ ಇಂಗ್ಲಿಷು ನಮ್ಮ ಕಡೆಯ ಮಾತಿನಷ್ಟೇ ಒರಟಂತೆ. ಆದ್ದರಿಂದ ಅವಳ ಮಾತನ್ನು ನಮ್ಮ ಮಾತಿನಲ್ಲೇ ಹೇಳುತ್ತೇನೆ. ಹೈಫೋಲ್ಡಿನ ಗಂಡಸರನ್ನೆಲ್ಲ ಕೂಡಿಸಿ ಅವಳು ಹೇಳಿದಳಂತೆ: “ನನ್ನ ಪೆಟ್ಟಿಗ್ಯಾಗ ಮಲಗಸ್ರಿ. ಮಗಳ ಮನ್ಯಾಗ ಸತ್ಲು ಅಂತ ಸುದ್ದಿ ಹಬ್ಬಸ್ರಿ. ಚರ್ಚಿನ ಬಾಗಲಾ ಮುಟ್ಟಿದ ಮ್ಯಾಲೆ ಎದ್ದು ಕೂಡ್ತೀನಿ. ದೇವರ ಬದುಕಿಸಿದ ಅಂದ್ರ ಮುಗೀತು, ಅಂವಾ ಏನ್ ಬಂದು ಸಾಕ್ಷಿ ಹೇಳ್ತಾನೇನು?”

ಬಡಗಿ ಗಾಳಿಯಾಡಲು ಪೆಟ್ಟಿಗೆಗೆ ತೂತು ಕೊರೆದು, ಮುಚ್ಚಳಕ್ಕೆ ಮೊಳೆ ಹೊಡೆಯದೆ ಬಿಟ್ಟ. ಉಟ್ಟ ಬಟ್ಟೆಯ ಮೇಲೆ ಉಣ್ಣೆಯ ಶವವಸ್ತ್ರ ಸುತ್ತಿಕೊಂಡು ಟ್ಯಾಬಿತಾ ಮಲಗಿದಳು. ರೂತ್‌ಗೆ ಇನ್ನೂ ದಿನಗಳಿದ್ದವು. ಅವಳೇ ಬಾಗಿಲಲ್ಲಿ ನಿಂತು, ಊರಿಗೆ ಕೇಳುವಂತೆ ಅತ್ತು, ತಾಯಿಯನ್ನು ಕಳಿಸಿಕೊಟ್ಟಳು. ಹೊತ್ತವರಲ್ಲಿ ಮುಂದಿದ್ದವನು ರೂತ್‌ಳ ಗಂಡ ಸೈಲಸ್. ರಸ್ತೆಯಲ್ಲಿ ಕಾಯುತ್ತಿದ್ದ ಗಾಡಿಯನ್ನು ಬಿಟ್ಟು ಅವರು ಪೆಟ್ಟಿಗೆಯನ್ನು ಮೇಲಿನ ಗೇಟಿನ ಮೇಲಿಂದ ಎತ್ತಿ ದಾಟಿಸಿ, ಹಳೆಯ ಅಂಕುಡೊಂಕು ದಾರಿ ಹಿಡಿದರು. ಎದೆಮಟ್ಟ ಬೆಳೆದ ಹುಲ್ಲು, ಕೊಯ್ಲಿಗೆ ಬಂದಿತ್ತು. ಹುಲ್ಲಿನಲ್ಲಿ ಹೆಣ ಇಳಿಯುತ್ತಿದೆ ಎಂದಷ್ಟೇ ಕೇಳಿ, ಸತ್ತವರು ಯಾರೆಂದೂ ವಿಚಾರಿಸದೆ, ಧಣಿ ಕೆಂಡವಾಗಿ ಓಡಿಬಂದ. ಆದರೆ ಆ ದೇಶದಲ್ಲಿ ಶವದ ಎದುರಿಗೆ ಟೋಪಿ ತೆಗೆಯದವನು ಮನುಷ್ಯನೇ ಅಲ್ಲ, ಚರ್ಚಿನ ಕಡೆಗೆ ಹೊರಟ ಶವವನ್ನು ತಡೆದವನಿಗಂತೂ ಮೋಕ್ಷವೇ ಇಲ್ಲ. ಆತ ಟೋಪಿ ತೆಗೆದು, ಅದನ್ನು ಎದೆಗೆ ಹಿಡಿದು, ಪೆಟ್ಟಿಗೆಯ ಪಕ್ಕದಲ್ಲೇ ನಡೆಯುತ್ತ, ಸತ್ತವಳಿಗೆ ಕೇಳಿಸದಷ್ಟು ಮೆಲುದನಿಯಲ್ಲಿ ಹೊತ್ತವರ ವಂಶವನ್ನೆಲ್ಲ ಬೈಯುತ್ತ ಬಂದನಂತೆ. ಒಳಗೆ ಸತ್ತವಳಿಗೆ ಹುಲ್ಲಿನ ಹೂವಿನ ಪುಡಿ ಮೂಗಿಗೆ ಹೋಗಿ ಸೀನು ಬರುತ್ತಿತ್ತು. ಶವವಸ್ತ್ರವನ್ನು ಬಾಯಿಗೆ ತುರುಕಿಕೊಂಡು ತಡೆದಳು.

ನಡುವಿನ ಈ ಬಂಡೆಯ ಮೇಲೆ ಹೊತ್ತವರು ಪೆಟ್ಟಿಗೆ ಇಳಿಸಿ ಹೆಗಲು ಬದಲಾಯಿಸುತ್ತಿದ್ದರು. ಆಗ ಮೇಲಿನ ಗೇಟಿನಿಂದ ಒಬ್ಬ ಹೆಂಗಸು ಕೂಗಿದಳು. “ಸೈಲಸಾ! ರೂತ್ ಬಾಗಲದಾಗ ಜಾರಿ ಬಿದ್ದಾಳ! ನೋವು ಶುರು ಆಗ್ಯಾವ, ಲಗೂ ಬಾ!”  ಸೈಲಸ್ ಒಮ್ಮೆ ಮೇಲಿನ ಗೇಟಿನ ಕಡೆ, ಒಮ್ಮೆ ಪೆಟ್ಟಿಗೆಯ ಕಡೆ ನೋಡಿದ. ಕೆಳಗೆ ಚರ್ಚಿನ ಬಾಗಿಲು ಕಾಣುತ್ತಿತ್ತು. ಅದನ್ನು ಮುಟ್ಟಿದರೆ ದಾರಿ ಎಂದೆಂದಿಗೂ ತಮ್ಮದು. ಮುಟ್ಟುವಷ್ಟರಲ್ಲಿ ಮೇಲೆ ಹೆಂಡತಿಯ ಗತಿ? ಏನೂ ಅರಿಯದ ಧಣಿಗೇ ಮೊದಲು ಮಾತು ಬಂದಿತು. “ನಿಂತು ನೋಡ್ತೀರೇನು? ಓಡಿಹೋಗಿ ಸೂಲಗಿತ್ತೀನ ಕರೀರಿ!” ಬಡಗಿ ಪೆಟ್ಟಿಗೆಯ ಕಡೆಗೆ ನೋಡಿ ಮೆಲ್ಲಗೆ ಹೇಳಿದ: “ಸೂಲಗಿತ್ತಿ ಪೆಟ್ಟಿಗ್ಯಾಗ ಅದಾಳ್ರಿ, ಧಣ್ಯಾರ.”

ಮುಚ್ಚಳ ಸರಿಯಿತು. ಟ್ಯಾಬಿತಾ ಎದ್ದು ಕೂತಳು, ತಡೆದಿದ್ದ ಸೀನನ್ನು ಮೊದಲು ಸೀನಿದಳು, ಆಮೇಲೆ ಬಂಡೆಯಿಂದ ಇಳಿದಳು. ಟೋಪಿ ಹಿಡಿದು ಕಲ್ಲಾಗಿ ನಿಂತ ಧಣಿಯ ಮುಖ ನೋಡಿ, “ನಾ ಆಮ್ಯಾಲೆ ಸಾಯ್ತೀನ್ರಿ, ಧಣ್ಯಾರ. ಈಗ ಕೆಲಸ ಐತಿ,” ಎಂದಳು. ಬಂದ ದಾರಿಯ ತಿರುವುಗಳನ್ನು ಅವಳು ಹುಡುಕಲಿಲ್ಲ. ಎದೆಮಟ್ಟದ ಹುಲ್ಲನ್ನು ಎರಡೂ ಕೈಯಿಂದ ಸೀಳುತ್ತ, ಬರಿಗಾಲಲ್ಲಿ, ಶವವಸ್ತ್ರ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಮಗಳ ಮನೆಯ ಹೊಗೆಗೂಡಿಗೆ ಕಣ್ಣು ನೆಟ್ಟು ನೇರವಾಗಿ ಗುಡ್ಡ ಹತ್ತಿದಳು. ಸೈಲಸ್ ಹಿಂದೆ ಓಡಿದನಾದರೂ ಹರೆಯದ ಅವನಿಗೆ ಆ ಮುದುಕಿಯನ್ನು ಹಿಡಿಯಲಾಗಲಿಲ್ಲವಂತೆ. ಮೋಸ ಬಯಲಾಗಿತ್ತು, ದಾರಿ ಹೋಗಿತ್ತು. ಅದನ್ನು ತಿಳಿದೇ ಅವಳು ಓಡಿದಳು. 

ಧಣಿ ಅಲ್ಲಿಂದ ಕದಲಲಿಲ್ಲ. ಬೈಯಲೂ ಇಲ್ಲ. ಬಂಡೆಯ ಮೇಲೆ ಖಾಲಿ ಪೆಟ್ಟಿಗೆ, ಪಕ್ಕದಲ್ಲಿ ಬರಿದಲೆಯ ಧಣಿ, ಸುತ್ತ ಏನು ಮಾಡಬೇಕೆಂದು ತೋಚದ ಜನ. ಬಿಸಿಲು ಏರಿತು, ಇಳಿಯಿತು. ಯಾರೋ ಟೋಪಿ ಹಾಕಿಕೊಳ್ಳಿ ಎಂದರೆ ತಲೆಯಾಡಿಸಿದ. ಸಂಜೆಯ ಹೊತ್ತಿಗೆ ಹೈಫೋಲ್ಡಿನ ಗೋಡೆಯ ಮೇಲೆ ಟ್ಯಾಬಿತಾ ಕಾಣಿಸಿಕೊಂಡಳು. ಸೊಂಟದ ಶವವಸ್ತ್ರ ಬಿಚ್ಚಿ ತಲೆಯ ಮೇಲೆ ಎತ್ತಿ ಬೀಸಿದಳು. ತಾಯಿ, ಕೂಸು ಇಬ್ಬರೂ ಉಳಿದರು ಎಂದು ಅದರ ಅರ್ಥ. ಆಗ ಧಣಿ ಟೋಪಿ ತಲೆಗೇರಿಸಿಕೊಂಡು, “ಆ ಪೆಟ್ಟಿಗೆ ನನ್ನ ಹುಲ್ಲಿನ ಮೇಲಿಂದ ತೆಗೀರಿ,” ಎಂದಷ್ಟೇ ಹೇಳಿ ಮನೆಗೆ ನಡೆದ. ದಾರಿ ಬಿಟ್ಟೆ ಎಂದು ಅವನು ಸಾಯುವವರೆಗೂ ಯಾರಿಗೂ ಹೇಳಲಿಲ್ಲ. ಮರುದಿನ ಗೇಟುಗಳಲ್ಲಿ ಬೀಗ ಇರಲಿಲ್ಲ. ಕೊಯ್ಲಿನವರು ಬಂದು, ಮುದುಕಿ ತುಳಿದು ಮಲಗಿಸಿದ ಹುಲ್ಲಿನ ಗೆರೆಯನ್ನು ಏನು ಮಾಡುವುದೆಂದು ಕೇಳಿದಾಗ, “ಉಳಿದದ್ದು ಕೊಯ್ಯಿರಿ, ಅದು ಇರಲಿ,” ಎಂದನಂತೆ. ಜನ ಆ ಗೆರೆಯನ್ನೇ ಹಿಡಿದು ನಡೆದರು. ಬಂಡೆಯಿಂದ ಮೇಲಿನ ಹಳೆಯ ತಿರುವುಗಳು ಹುಲ್ಲು ಮುಚ್ಚಿ ಅಳಿಸಿಹೋದವು. ಪೆಟ್ಟಿಗೆಯ ಹಲಗೆ ಬಿಚ್ಚಿ ಬಡಗಿ ಅದೇ ಕೂಸಿಗೆ ತೊಟ್ಟಿಲು ಮಾಡಿಕೊಟ್ಟ ಎಂದೂ ಹೇಳುತ್ತಾರೆ. ಇದು ಸ್ವಲ್ಪ ಅತಿಯಾಯಿತು ಎಂದು ನಾನು ಆಂಬ್ರೋಸನಿಗೆ ಹೇಳಿದೆ. ಮರ ಒಳ್ಳೆಯದಿತ್ತು, ವ್ಯರ್ಥ ಏಕೆ ಮಾಡುತ್ತಾರೆ ಎಂದು ಅವನೇ ನನ್ನನ್ನು ಗದರಿಸಿದ.

ಹೈಫೋಲ್ಡಿನವರು ಆಮೇಲೆ ತಮ್ಮೊಳಗೆ ಒಂದು ಕಟ್ಟಳೆ ಮಾಡಿಕೊಂಡರು. ಗೇಟು ತೆರೆದಿದ್ದರೂ ಸತ್ತವರನ್ನು ಅವರು ಇಂದಿಗೂ ಗಾಡಿರಸ್ತೆಯಲ್ಲೇ ಸುತ್ತಿಸಿ ಒಯ್ಯುತ್ತಾರೆ. ಸತ್ತವರಿಗೆ ಅವಸರವಿಲ್ಲ ಎಂಬುದು ಅವರ ಮಾತು. ಟ್ಯಾಬಿತಾ ಬಹಳ ಕಾಲ ಬದುಕಿ, ಕೆಳಗೆ ತನ್ನ ಮನೆಯಲ್ಲೇ ತೀರಿಕೊಂಡಳು. ಚರ್ಚು ಪಕ್ಕದಲ್ಲೇ ಇದ್ದುದರಿಂದ ಅವಳ ಶವಕ್ಕೂ ಈ ದಾರಿ ಬೇಕಾಗಲಿಲ್ಲ. ಹೆಣ ಹೋದರೆ ಮಾತ್ರ ದಾರಿ ಎಂದು ನಂಬಿದ್ದ ಸೀಮೆಯಲ್ಲಿ ಈ ದಾರಿಯ ಮೇಲೆ ಇದುವರೆಗೆ ಒಂದು ಹೆಣವೂ ಹೋಗಿಲ್ಲ.

ಈಗ ಹೋದವರಿಗೂ ಆ ಬಂಡೆ ಕಾಣುತ್ತದೆ, ಬಂಡೆಯಿಂದ ಮೇಲೆ ಆ ನೆಟ್ಟನೆಯ ಗೆರೆಯೂ ಕಾಣುತ್ತದೆ. ಅಳತೆಯವನಾದ ನಾನು ಒಂದು ಕಣ್ಣು ಮುಚ್ಚಿ ನೋಡಿದೆ. ಗೆರೆ ಒಂದು ಮನೆಯ ಹೊಗೆಗೂಡಿಗೆ ಸರಿಯಾಗಿ ಗುರಿಯಿಟ್ಟಿತ್ತು. ನೀಲಾಂಬಿಕೆ ಚಪ್ಪಲಿ ಕಳಚಿ ಬಂಡೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. “ಆಕೀ ಕಾಲಿಗೆ ಎಷ್ಟ್ ಚುಚ್ಚಿರಬೇಕ್ರಿ ಹುಲ್ಲು,” ಎಂದಳು. ಅಷ್ಟರಲ್ಲಿ ಮೇಲಿನಿಂದ ಒಬ್ಬ ಹರೆಯದ ಹೆಂಗಸು ಎದೆಗೆ ಬಟ್ಟೆಯಲ್ಲಿ ಕೂಸು ಕಟ್ಟಿಕೊಂಡು, ಕೈಯಲ್ಲಿ ಸಂತೆಯ ಚೀಲ ಹಿಡಿದು ಇಳಿದು ಬಂದಳು. ಆಂಬ್ರೋಸ್ ಮಾತು ನಿಲ್ಲಿಸಿ, ಬಂಡೆಯ ಪಕ್ಕಕ್ಕೆ ಸರಿದು, ತಲೆಯ ಟೋಪಿ ತೆಗೆದು ಎದೆಗೆ ಹಿಡಿದು ನಿಂತ. ನಿದ್ದೆಯಲ್ಲಿದ್ದ ಕೂಸಿಗೆ ಅದೇನೂ ತಿಳಿಯಲಿಲ್ಲ. ತಾಯಿ ಮಾತ್ರ ಅವನಿಗೊಂದು ನಗು ಕೊಟ್ಟು, ಮುಂದಿನ ಸರದಿ ಯಾರದೆಂಬಂತೆ ನನ್ನ ಕಡೆ ನೋಡಿದಳು. ಗಾಳಿ ಚಾಕುವಿನಂತೆ ಕೊಯ್ಯುತ್ತಿತ್ತು. ನಾನು ಗದ್ದದ ಕೆಳಗಿನ ಗುಂಡಿ ಬಿಚ್ಚಿ ಮಂಕಿ ಟೋಪಿಯನ್ನು ಕಿತ್ತು ತೆಗೆದೆ, ಅವಳು ಕೆಳಗಿನ ಗೇಟು ದಾಟುವವರೆಗೂ ಅದನ್ನು ಕೈಯಲ್ಲೇ ಹಿಡಿದು ನಿಂತೆ.