ಪಂಪಣ್ಣನ ಹಾಡುವ ಪಿಕಪ್

ಬೂಸಾ ವ್ಯಾಪಾರಿ ಪಂಪಣ್ಣ ಹೊಸ ಪಿಕಪ್ ತಂದ. ಮಾಲು ಹೇರುವ ಹಿಂಭಾಗದ ಒಳಗೋಡೆಯಲ್ಲೇ ನಾಲ್ಕು ಸ್ಪೀಕರ್!

"ಮಾಲು ಹೋಗೋವಾಗ ಊರೆಲ್ಲಾ ಹಾಡು ಕೇಳಬೇಕು. ಹಾಡು ನಿಂತರೆ ನಿನ್ನ ಕೆಲಸಾನೂ ನಿಂತಂಗೆ," ಅಂತ ಡ್ರೈವರ್ ದುರುಗಪ್ಪನಿಗೆ ಕಟ್ಟಪ್ಪಣೆ ಮಾಡಿದ.

ಮರುದಿನ ಬೆಳಿಗ್ಗೆ ಅಂಗಡಿ ಮುಂದೆ ಜನವೋ ಜನ. ಮೀಸೆ ತಿರುವುತ್ತಾ ಹೊರಬಂದ ಪಂಪಣ್ಣ ನಿಂತಲ್ಲೇ ಕಲ್ಲಾದ. ಡ್ರೈವರ್ ಸೀಟಿನಲ್ಲಿ ಒಂದು ಬೂಸಾ ಮೂಟೆ ಬೆಲ್ಟ್ ಬಿಗಿದುಕೊಂಡು ಕೂತಿತ್ತು! ಪಕ್ಕದ ಸೀಟಿನಲ್ಲಿ ಇನ್ನೊಂದು. ಖಾಲಿ ಹಿಂಭಾಗದಲ್ಲಿ ದುರುಗಪ್ಪ ಕಾಲು ಚಾಚಿಕೊಂಡು ಹಾಡಿಗೆ ತಲೆದೂಗುತ್ತಿದ್ದ.

"ಏನೋ ಇದು?" ಪಂಪಣ್ಣ ಗದರಿದ.

"ಹಿಂದೆ ಮೂಟೆ ಹೇರಿದ್ರೆ ಸ್ಪೀಕರ್ ಬಾಯಿ ಮುಚ್ಚಿಹೋಗುತ್ತೆ ಧಣಿ. ನಿನ್ನೆ ಹೇರಿ ನೋಡಿದೆ, ಒಂದು ಸೊಲ್ಲೂ ಹೊರಗೆ ಬರಲಿಲ್ಲ. ಹಾಡು ನಿಲ್ಲಬಾರದು ಅಂದ್ರಲ್ಲ, ಅದಕ್ಕೆ ಮೂಟೆಗಳನ್ನ ಮುಂದೆ ಕೂರಿಸಿದೆ."

"ಮತ್ತೆ ಗಾಡಿ ಓಡಿಸೋರು ಯಾರೋ?"

"ಮೂಟೇನ ಎರಡು ಸಲ ಕೇಳಿದೆ, ಬಾಯೇ ಬಿಡ್ತಿಲ್ಲ."

ಜನ ಬಿದ್ದು ಬಿದ್ದು ನಕ್ಕರು.

"ಮೊದಲು ಆ ಹಾಡು ನಿಲ್ಲಿಸೋ!" ಪಂಪಣ್ಣ ಕಿರುಚಿದ.

"ನಿಲ್ಲಿಸಿದ್ರೆ ಕೆಲಸ ಹೋಗುತ್ತಲ್ಲ ಧಣಿ?"

"ನಿನ್ನ ಕೆಲಸ ಎಲ್ಲೂ ಹೋಗಲ್ಲ ಮಾರಾಯ, ಇಲ್ಲಿ ನನ್ನ ಮಾನ ಹೋಗ್ತಿದೆ!"